ಹಳೆಯ ಕಾರಿನ ಬಾಯಾರಿಕೆ

ಬಂಟ್ವಾಳದಿಂದ ಪೂರ್ವಕ್ಕೆ ಹೊರಟ ಹೆದ್ದಾರಿಯು ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆಗಳನ್ನು ದಾಟಿ ಬೆಳ್ತಂಗಡಿಯನ್ನು ಸೇರುತ್ತದೆ. ಅಲ್ಲಿಂದ ಉಜಿರೆ, ಮುಂಡಾಜೆಗಳ ಮೂಲಕ ಅಡಿಕೆ ತೋಟಗಳ ನಡುವೆ ಸೌಮ್ಯವಾಗಿಯೇ ಸಾಗುತ್ತದೆ. ಚಾರ್ಮಾಡಿ ಬಂದೊಡನೆ ಅದರ ಸ್ವಭಾವ ಬದಲಾಗುತ್ತದೆ. ತಿರುವಿನ ಮೇಲೆ ತಿರುವು, ಏರಿನ ಮೇಲೆ ಏರು. ಕೊಟ್ಟಿಗೆಹಾರದ ಕಡೆಗೆ ಘಟ್ಟವನ್ನು ಹತ್ತಿ ಮುಗಿಸುವವರೆಗೆ ವಾಹನಕ್ಕೆ ವಿಶ್ರಾಂತಿಯೆಂಬುದಿಲ್ಲ. ವಯಸ್ಸಾದ ಸ್ಪೋರ್ಟ್ಸ್ ಕಾರೊಂದು ಮೂಡುಬಿದಿರೆಯಿಂದ ಸಿದ್ಧಕಟ್ಟೆಯ ಮಾರ್ಗವಾಗಿ ಬಂಟ್ವಾಳಕ್ಕೆ ಬಂದು, ಈ ಘಟ್ಟವನ್ನು ಏರಲು ಹೊರಟಿದೆ ಎಂದು ಭಾವಿಸೋಣ. ಅದು ಮೇಲೆ ತಲುಪುವುದೋ, ನಡುದಾರಿಯಲ್ಲಿ ಆವಿಯುಗುಳುತ್ತ ನಿಲ್ಲುವುದೋ ಎಂಬುದು ಎಂಜಿನ್ನಿನ ಬಲವೊಂದರಿಂದಲೇ ತೀರ್ಮಾನವಾಗುವುದಿಲ್ಲ. ಮುಂಭಾಗದಲ್ಲಿರುವ ರೇಡಿಯೇಟರಿನ ಆರೋಗ್ಯವನ್ನೂ ಅವಲಂಬಿಸಿದೆ.

ಪೆಟ್ರೋಲು ಉರಿದಾಗ ಹುಟ್ಟುವ ಶಾಖದಲ್ಲಿ ಚಕ್ರಗಳನ್ನು ತಿರುಗಿಸುವ ಕೆಲಸಕ್ಕೆ ಒದಗುವುದು ಸುಮಾರು ಕಾಲುಪಾಲು ಮಾತ್ರ. ಹೆಚ್ಚು ಕಡಿಮೆ ಮೂರನೆಯ ಒಂದು ಪಾಲು ಹೊಗೆಯೊಡನೆ ಹೊರಹೋಗುತ್ತದೆ. ಬಹುಮಟ್ಟಿಗೆ ಅಷ್ಟೇ ಶಾಖವನ್ನು ಸಿಲಿಂಡರುಗಳ ಸುತ್ತ ಹರಿಯುವ ನೀರು ಹೊತ್ತು ತಂದು ರೇಡಿಯೇಟರಿನ ಮೂಲಕ ಗಾಳಿಗೆ ಬಿಡಬೇಕು. ಬಯಲಿನಲ್ಲಿ ಓಡುವ ಕಾರಿಗೆ ಗಾಳಿ ಧಾರಾಳವಾಗಿ ಸಿಗುತ್ತದೆ. ಘಟ್ಟದಲ್ಲಾದರೋ ಎಂಜಿನ್ನು ಹೆಚ್ಚು ದುಡಿಯುತ್ತದೆ, ಕಾರು ಮಾತ್ರ ನಿಧಾನವಾಗಿ ಚಲಿಸುತ್ತದೆ. ಶಾಖ ಹೆಚ್ಚಿ ಗಾಳಿ ಕಡಿಮೆಯಾಗುವ ಈ ಸ್ಥಿತಿಯಲ್ಲಿ ಹಳೆಯ ರೇಡಿಯೇಟರಿನ ದೋಷಗಳೆಲ್ಲ ಬಯಲಾಗುತ್ತವೆ.

ರೇಡಿಯೇಟರಿನ ಇತಿಹಾಸವೂ ವೇಗದ ಕಾರುಗಳೊಡನೆ ಬೆಸೆದುಕೊಂಡಿದೆ. ಕಾರ್ಲ್ ಬೆಂಜ್ 1886ರಲ್ಲಿ ಹಕ್ಕುಪತ್ರ ಪಡೆದ ಮೂರು ಚಕ್ರದ ವಾಹನದಲ್ಲಿ ನೀರು ಕುದಿದು ಆವಿಯಾಗಿ ಹೋಗುತ್ತಿತ್ತು; ಆಗಾಗ ನೀರು ತುಂಬುವುದೇ ಒಂದು ಕೆಲಸವಾಗಿತ್ತು. ಆ ಪುಟ್ಟ ಎಂಜಿನ್ನಿಗೆ ಅಷ್ಟು ಸಾಕಾಗಿತ್ತು. 1901ರಲ್ಲಿ ನೀಸ್ ನಗರದ ಪಂದ್ಯಗಳಲ್ಲಿ ಗೆದ್ದ 35 ಅಶ್ವಶಕ್ತಿಯ ಮರ್ಸಿಡಿಸ್ ಕಾರಿಗೆ ಅದು ಸಾಲದಾಯಿತು. ಅದಕ್ಕಾಗಿ ವಿಲ್‌ಹೆಲ್ಮ್ ಮೈಬಾಖ್ 8,070 ಸಣ್ಣ ಕೊಳವೆಗಳನ್ನು ಜೇನುಗೂಡಿನಂತೆ ಜೋಡಿಸಿದ ರೇಡಿಯೇಟರನ್ನು ರಚಿಸಿದನು. ಕೊಳವೆಗಳು ಸಣ್ಣದಾದಷ್ಟೂ ನೀರಿಗೂ ಗಾಳಿಗೂ ನಡುವಿನ ಲೋಹದ ಮೇಲ್ಮೈ ಹೆಚ್ಚುವುದೆಂಬುದೇ ಅದರ ಗುಟ್ಟು. 1914ರಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿಯು ಮಂಗಳೂರಿನಲ್ಲಿ ಬಸ್ಸು ಸಂಚಾರವನ್ನು ಆರಂಭಿಸುವ ವೇಳೆಗೆ ರೇಡಿಯೇಟರು ಮೋಟಾರಿನ ಮುಖವೇ ಆಗಿತ್ತು. ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳದಲ್ಲಿರುವ ಕಾರು ಸಂಗ್ರಹಾಲಯವನ್ನು ನೋಡಿದವರಿಗೆ ಹಳೆಯ ಕಾರುಗಳ ಆ ಎತ್ತರದ ಲೋಹದ ಮುಖ ನೆನಪಿರಬಹುದು. ಮುಂದೆ ಬಂದ ಸ್ಪೋರ್ಟ್ಸ್ ಕಾರುಗಳ ಮೂತಿ ತಗ್ಗಾಯಿತು. ರೇಡಿಯೇಟರು ಜಾಲರಿಯ ಹಿಂದೆ ಅಡಗಿತು. ಕಣ್ಣಿಗೆ ಬೀಳದ ವಸ್ತುವಿನ ಆರೈಕೆಯೂ ಕಡಿಮೆಯಾಯಿತೆನ್ನಬೇಕು.

ರೇಡಿಯೇಟರನ್ನು ಕೆಡಿಸುವುದು ವಯಸ್ಸಿಗಿಂತ ಹೆಚ್ಚಾಗಿ ಅದರೊಳಗಿನ ನೀರು. ಹಿಮ ಬೀಳದ ಕರಾವಳಿಯಲ್ಲಿ ಬಾವಿಯ ನೀರೇ ಸಾಕೆಂದು ಬಹುಕಾಲ ನಂಬಲಾಗಿತ್ತು. ಮುರಕಲ್ಲಿನ ನೆಲದ ಈ ನೀರು ಬಯಲುಸೀಮೆಯ ನೀರಿನಷ್ಟು ಗಡಸಲ್ಲ, ನಿಜ. ಆದರೆ ಅನೇಕ ಕಡೆ ಅದರಲ್ಲಿ ತುಸು ಆಮ್ಲಗುಣವಿರುತ್ತದೆ. ಅದು ಎಂಜಿನ್ನಿನ ಕಬ್ಬಿಣವನ್ನೂ ರೇಡಿಯೇಟರಿನ ಬೆಸುಗೆಯನ್ನೂ ಮೆಲ್ಲನೆ ತಿನ್ನುತ್ತದೆ; ತುಕ್ಕು ಕೆಸರಾಗಿ ಕೊಳವೆಗಳಲ್ಲಿ ಕೂರುತ್ತದೆ. ಸೋರಿಕೆ ಕಂಡಾಗ ಅರಸಿನ ಹುಡಿಯನ್ನು ಸುರಿಯುವ ಹಳೆಯ ಉಪಾಯವೊಂದುಂಟು. ಅದು ತೂತನ್ನು ಮುಚ್ಚಬಹುದು. ಜೊತೆಗೆ ಒಳ್ಳೆಯ ಕೊಳವೆಗಳನ್ನೂ ಮುಚ್ಚುತ್ತದೆ. ಥರ್ಮೋಸ್ಟಾಟನ್ನೇ ಕಿತ್ತೆಸೆಯುವುದು ಇನ್ನೊಂದು ತಪ್ಪು ಮದ್ದು. ನೀರು ಸುಮಾರು 82ರಿಂದ 88 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ತೆರೆದುಕೊಳ್ಳುವ ಈ ಪುಟ್ಟ ಕವಾಟವಿಲ್ಲದಿದ್ದರೆ, ಬಯಲಿನಲ್ಲಿ ಎಂಜಿನ್ನು ಬೇಕಾದಷ್ಟು ಬಿಸಿಯಾಗದೆ ಬೇಗ ಸವೆಯುತ್ತದೆ.

ಗ್ಯಾರೇಜುಗಳಲ್ಲಿ ಕೂಲೆಂಟ್ ಎಂದು ಕರೆಯುವ ದ್ರವದಲ್ಲಿ ಎಥಿಲೀನ್ ಗ್ಲೈಕಾಲ್ ಮತ್ತು ತುಕ್ಕನ್ನು ತಡೆಯುವ ಲವಣಗಳಿರುತ್ತವೆ. ಶಾಖವನ್ನು ಹೊರುವ ಶಕ್ತಿಯಲ್ಲಿ ನೀರಿಗೇ ಮೇಲುಗೈ. ಹಾಗಾದರೆ ಕೂಲೆಂಟು ಏಕೆ ಬೇಕು? ಅರ್ಧ ನೀರು, ಅರ್ಧ ಗ್ಲೈಕಾಲ್ ಸೇರಿದ ಮಿಶ್ರಣವು ಸುಮಾರು 107 ಡಿಗ್ರಿಯವರೆಗೆ ಕುದಿಯುವುದಿಲ್ಲ. ಸಾವಿರ ಮೀಟರ್ ಎತ್ತರದಲ್ಲಿ ಬರಿಯ ನೀರು 97 ಡಿಗ್ರಿಗೇ ಕುದಿಯುವುದೆಂಬುದನ್ನು ನೆನೆದರೆ ಘಟ್ಟದಲ್ಲಿ ಇದರ ಬೆಲೆ ತಿಳಿಯುತ್ತದೆ. ರೇಡಿಯೇಟರಿನ ಮುಚ್ಚಳವು ಒತ್ತಡವನ್ನು ಹಿಡಿದಿಟ್ಟು ಕುದಿಬಿಂದುವನ್ನು ಇನ್ನೂ ಏರಿಸುತ್ತದೆ. ಆದುದರಿಂದಲೇ ಬಿಸಿಯಾದ ಎಂಜಿನ್ನಿನ ಮುಚ್ಚಳವನ್ನು ತೆರೆಯಬಾರದು. ಒತ್ತಡ ಕಳಚಿದೊಡನೆ ದ್ರವವು ಕುದಿದು ಚಿಮ್ಮಿ ಮುಖ, ಕೈಗಳನ್ನು ಬೇಯಿಸುತ್ತದೆ.

ಎಂಜಿನ್ನು ಪೂರ್ತಿ ತಣಿದ ಮೇಲೆಯೇ ಬದಲಾವಣೆಯ ಕೆಲಸ ಆರಂಭ. ಕೆಳಗಿನ ನಲ್ಲಿಯಿಂದ ಹಳೆಯ ದ್ರವವನ್ನು ಅಗಲವಾದ ಪಾತ್ರೆಗೆ ಇಳಿಸಬೇಕು. ಅದನ್ನು ಚರಂಡಿಗೋ ತೋಟಕ್ಕೋ ಚೆಲ್ಲಬಾರದು. ಗ್ಲೈಕಾಲ್ ಸಿಹಿಯಾದ ವಿಷ. ನೆಲದಲ್ಲಿ ನಿಂತ ಅದನ್ನು ನೆಕ್ಕಿದ ನಾಯಿ ಮೂತ್ರಪಿಂಡ ಕೆಟ್ಟು ಸಾಯುತ್ತದೆ. ದನಕರುಗಳಿಗೂ ಮಕ್ಕಳಿಗೂ ಅದು ಅಷ್ಟೇ ಅಪಾಯಕರ. ಬಳಿಕ ರಬ್ಬರು ಕೊಳವೆಗಳನ್ನು ಬಿಡಿಸಿ, ಬೋಲ್ಟು ಕಳಚಿ ರೇಡಿಯೇಟರನ್ನು ಎತ್ತಬೇಕು. ಹಿತ್ತಾಳೆಯ ತೊಟ್ಟಿಗಳು ಚೆನ್ನಾಗಿದ್ದರೆ ನಡುವಿನ ಕೋರನ್ನು ಮಾತ್ರ ಹೊಸದಾಗಿ ಬೆಸೆಯಿಸಬಹುದು; ಹಳೆಯ ಕಾರಿಗೆ ಅದೇ ಒಪ್ಪುವ ದಾರಿ. ತಾಮ್ರವು ಅಲ್ಯೂಮಿನಿಯಮಿಗಿಂತ ಉತ್ತಮ ಶಾಖವಾಹಕ. ಅಲ್ಯೂಮಿನಿಯಮಿನದು ಹಗುರ, ಅಗಲವಾದ ಕೊಳವೆಗಳಿಂದ ಅದೂ ಚೆನ್ನಾಗಿಯೇ ತಂಪುಮಾಡುತ್ತದೆ; ಆದರೆ ಜಾಗಕ್ಕೆ ಸರಿಯಾಗಿ ಕೂರುವುದನ್ನೇ ಆರಿಸಬೇಕು. ಯಾವುದೇ ಆದರೂ ಹೆಚ್ಚು ಒತ್ತಡದ ಮುಚ್ಚಳವನ್ನು ಹಾಕಿದರೆ ಹಳೆಯ ರಬ್ಬರು ಕೊಳವೆಗಳು ಸಿಡಿಯಬಹುದು. ಎಂಜಿನ್ನಿನೊಳಗಿನ ಕೆಸರನ್ನು ಶುದ್ಧನೀರಿನಿಂದ ತೊಳೆಯದೆ ಹೊಸ ರೇಡಿಯೇಟರನ್ನು ಕೂರಿಸಿದರಂತೂ ಆ ಕೆಸರೆಲ್ಲ ಬಂದು ಹೊಸ ಕೊಳವೆಗಳನ್ನೇ ಸೇರುತ್ತದೆ.

ತಯಾರಕರು ಸೂಚಿಸಿದ ಜಾತಿಯ ಕೂಲೆಂಟನ್ನು ಭಟ್ಟಿ ಇಳಿಸಿದ ನೀರಿನೊಡನೆ ಬೆರೆಸಿ ಮೆಲ್ಲನೆ ತುಂಬಬೇಕು. ಬಣ್ಣ ಒಂದೇ ಆಗಿದ್ದರೂ ಜಾತಿ ಬೇರೆಯಿರಬಹುದು. ತಗ್ಗು ಮೂತಿಯ ಕಾರುಗಳಲ್ಲಿ ರೇಡಿಯೇಟರು ಎಂಜಿನ್ನಿಗಿಂತ ಕೆಳಗಿರುವುದುಂಟು. ಮೇಲೆ ಸಿಕ್ಕಿಕೊಂಡ ಗಾಳಿ ನೀರಿನ ಹರಿವನ್ನು ತಡೆಯುತ್ತದೆ. ಮೂತಿಯನ್ನು ತುಸು ಎತ್ತರಿಸಿ ನಿಲ್ಲಿಸಿ, ಥರ್ಮೋಸ್ಟಾಟು ತೆರೆಯುವವರೆಗೆ ಎಂಜಿನ್ನನ್ನು ಓಡಿಸಿದರೆ ಗಾಳಿ ಗುಳ್ಳೆಗಳಾಗಿ ಹೊರಡುತ್ತದೆ. ಮರುದಿನ ಬೆಳಿಗ್ಗೆ ತಣ್ಣಗಿರುವಾಗ ನೋಡಿದರೆ ಮಟ್ಟ ಎರಡು ಬೆರಳಿನಷ್ಟು ಇಳಿದಿರಬಹುದು. ಅದನ್ನು ತುಂಬಿ, ಕೊಳವೆಯ ಪಟ್ಟಿಗಳನ್ನು ಇನ್ನೊಮ್ಮೆ ಬಿಗಿದ ಮೇಲೆ ಕಾರು ಚಾರ್ಮಾಡಿಯ ಕಡೆಗೆ ಮುಖ ಮಾಡಬಹುದು.