ಲೈಸೆನ್ಸ್ ಬೇರೆ, ಫ್ರಾಂಚೈಸಿ ಬೇರೆ

ಆಹಾರ ಪದಾರ್ಥಗಳ ಉದ್ಯಮಕ್ಕೆ ಕೈಹಾಕುವ ರೈತ ಬಾಂಧವರು ಈ ಎರಡು ಒಪ್ಪಂದಗಳ ವ್ಯತ್ಯಾಸ ತಿಳಿದಿರಬೇಕು.

ಲೈಸೆನ್ಸ್: 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಶುಲ್ಕ ಪಡೆದು, ತಾನು ಕಂಡುಹಿಡಿದ ತಯಾರಿಕಾ ವಿಧಾನಗಳನ್ನು ಬಳಸಲು ಅನುಮತಿ ಕೊಡುತ್ತದೆ. ಪದಾರ್ಥಕ್ಕೆ ಹೆಸರು, ಗಿರಾಕಿ, ಮಾರುಕಟ್ಟೆಗಳನ್ನು ನೀವೇ ಕಂಡುಕೊಳ್ಳಬೇಕು.

ಫ್ರಾಂಚೈಸಿ: ‘ನಂದಿನಿ’ ಮಳಿಗೆಯಲ್ಲಿ ಹೆಸರು, ಮಾಲು, ನಿಗದಿತ ಬೆಲೆ ಎಲ್ಲವೂ ಹಾಲು ಮಹಾಮಂಡಳದ್ದು, ನಡೆಸುವ ಹೊಣೆ ನಿಮ್ಮದು. ಹೆಸರು ಜನರಿಗೆ ಮೊದಲೇ ಪರಿಚಿತವಾದ್ದರಿಂದ ವ್ಯಾಪಾರ ಸುಲಭ. ಆದರೆ ಒಪ್ಪಂದ ಮುಗಿದರೆ ಫಲಕ ಇಳಿಸಬೇಕು. ಸ್ವಂತ ಹೆಸರಾದರೆ ನಿಮ್ಮಲ್ಲೇ ಉಳಿಯುತ್ತದೆ.

ಎರಡರಲ್ಲೂ 2006ರ ಆಹಾರ ಸುರಕ್ಷತಾ ಕಾಯ್ದೆಯಂತೆ ಸರಕಾರದ ನೋಂದಣಿ ಅಥವಾ ಪರವಾನಗಿ ಪ್ರತ್ಯೇಕವಾಗಿ ಬೇಕು.

ಸಹಿ ಹಾಕುವ ಮುನ್ನ ಶುಲ್ಕವೆಷ್ಟು, ಅವಧಿಯೆಷ್ಟು, ಮಾರಾಟವಾಗದೆ ಉಳಿದ ಮಾಲಿನ ನಷ್ಟ ಯಾರಿಗೆ ಎಂಬುದನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿ.