ಭಾಗವತರೂ ಕಲಾವಿದರ ಮಳೆಗಾಲವೂ

ಪುತ್ತೂರು, ಸುಳ್ಯ, ಕಡಬ ಸೀಮೆಯವರಿಗೆ ಭಾಗವತರೆಂದರೆ ಯಾರೆಂದು ವಿವರಿಸಬೇಕಾಗಿಲ್ಲ. ಹರಕೆಯ ಬಯಲಾಟದಲ್ಲಿ ಜಾಗಟೆ ಹಿಡಿದು ಪದ ಹೇಳುವ ಇವರೇ ಆಟದ ಸೂತ್ರಧಾರರು. ಹಿಮ್ಮೇಳ ಮುಮ್ಮೇಳಗಳೆರಡೂ ಇವರ ಸನ್ನೆಗೆ ಕಾಯುತ್ತವೆ. ಆದರೆ ಆಟ ನೋಡುವ ನಾವು ಚೌಕಿಯ ಆಚೆಗಿನ ಬದುಕನ್ನು ಯೋಚಿಸುವುದು ಕಡಿಮೆ.

ತುಳುವರ ಬೇಶ್ಯ ತಿಂಗಳ 10ನೆಯ ದಿನವಾದ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮುಂದೆ ದೀಪಾವಳಿ ಕಳೆಯುವವರೆಗೆ ತಿರುಗಾಟವಿಲ್ಲ. ಹೆಸರಾದವರಿಗೆ ಬೆಂಗಳೂರು, ಮುಂಬಯಿಗಳ ಆಟಗಳುಂಟು, ತಾಳಮದ್ದಳೆಗಳುಂಟು. ಉಳಿದವರು, ರಾತ್ರಿಯೆಲ್ಲ ದೇವೇಂದ್ರನಾಗಿ ಮೆರೆದವರೂ ಸಹ, ಬೇರೆ ದುಡಿಮೆ ಹುಡುಕಬೇಕು. ಕಾಯಿಲೆ ಬಿದ್ದರೆ, ಮನೆಯ ಮಾಡು ಸೋರಿದರೆ ಕೇಳುವವರಾರು?

ತೆಂಕುತಿಟ್ಟಿನ ಜನಪ್ರಿಯ ಭಾಗವತರಾದ ಪಟ್ಲ ಸತೀಶ್ ಶೆಟ್ಟಿಯವರು 2015ರಲ್ಲಿ ಸ್ಥಾಪಿಸಿದ ಯಕ್ಷಧ್ರುವ ಪಟ್ಲ ಫೌಂಡೇಶನ್ ಟ್ರಸ್ಟ್ ಗಮನಾರ್ಹವಾಗುವುದು ಇಲ್ಲಿ. ಅಶಕ್ತ ಕಲಾವಿದರ ಚಿಕಿತ್ಸೆಗೆ ನೆರವು, ಅಪಘಾತ ವಿಮೆ, ಮನೆ ಕಟ್ಟಿಕೊಳ್ಳಲು ಸಹಾಯ ಇವೆಲ್ಲ ಅದರ ಕೆಲಸಗಳು. ಹಣವೆಲ್ಲ ಭಾಗವತರ ಕಿಸೆಯದಲ್ಲ. ಊರವರೂ, ಮುಂಬಯಿ ಹಾಗೂ ಕೊಲ್ಲಿ ನಾಡುಗಳಲ್ಲಿ ನೆಲೆಸಿದ ಕರಾವಳಿಯವರೂ ಕೊಟ್ಟದ್ದು. ಇದರಿಂದ ಅವರ ಕಾರ್ಯದ ಬೆಲೆ ಕುಂದುವುದೆಂದು ನನಗೆ ತೋರುವುದಿಲ್ಲ. ಬಾಲಗೋಪಾಲ ವೇಷದವನೊಬ್ಬ ಕೇಳಿದ್ದರೆ ಇಷ್ಟು ಹಣ ಕೂಡುತ್ತಿತ್ತೇ? ತಮ್ಮ ಕಂಠಕ್ಕೆ ಮಾರುಹೋದವರ ಅಭಿಮಾನವನ್ನು ಅವರು ಹೆಸರಿಲ್ಲದ ವೇಷಧಾರಿಗಳ ಮನೆಬಾಗಿಲಿಗೆ ತಿರುಗಿಸಿದರು. ಕೇಳುವವರೂ ಪಡೆಯುವವರೂ ಒಂದೇ ಚೌಕಿಯಲ್ಲಿ ದೇವರಿಗೆ ಕೈಮುಗಿದು ರಂಗಕ್ಕೆ ಹೊರಡುವವರಾದ್ದರಿಂದ, ಅನ್ಯರ ಮುಂದೆ ಕೈಚಾಚಿದ ಸಂಕೋಚವೂ ಅಷ್ಟಾಗಿ ಇರಲಾರದು.