ಕೊಂಬೈ ಜಾತಕ, ಕರ್ನಾಟಕದ ಜಾತಕ: ಸಾಲಾವಳಿ ನೋಡುವ ಕ್ರಮ

ತೇನಿ ಜಿಲ್ಲೆಯ ಉತ್ತಮಪಾಳ್ಯ ತಾಲ್ಲೂಕಿನ ಕೊಂಬೈ ಪಶ್ಚಿಮಘಟ್ಟದ ಬುಡದಲ್ಲಿರುವ ಊರು. ಇಲ್ಲಿ ಮತ್ತು ಕಂಬಂ ಕಣಿವೆಯ ಇತರ ಊರುಗಳಲ್ಲಿ ತಲೆಮಾರುಗಳಿಂದ ನೆಲೆಸಿರುವ ಒಕ್ಕಲಿಗ ಗೌಂಡರ ಮನೆಮಾತು ಕನ್ನಡ, ಓದುಬರಹ ತಮಿಳು. ಇಂಥ ಮನೆಗೆ ಕರ್ನಾಟಕದ ಕಡೆಯಿಂದ ಸಂಬಂಧ ಕೂಡಿಬಂದಾಗ ಜಾತಕದ ಹಂತದಲ್ಲಿ ತೊಡಕು ಏಳುತ್ತದೆ. ತಮಿಳು ಜೋಯಿಸರು ಹತ್ತು ‘ಪೊರುತ್ತಂ’ (ಹೊಂದಾಣಿಕೆ) ನೋಡುತ್ತಾರೆ. ಕರ್ನಾಟಕದ ಅನೇಕ ಜೋಯಿಸರು 36 ಗುಣಗಳ ಲೆಕ್ಕ ಹಾಕುತ್ತಾರೆ. ಒಂದೇ ಜೋಡಿಗೆ ಒಬ್ಬರು ಆಗುತ್ತದೆ ಎಂದರೆ ಇನ್ನೊಬ್ಬರು ಆಗದು ಎನ್ನುತ್ತಾರೆ. ಸಾಲಾವಳಿಯನ್ನು ನಂಬುವ ಎರಡೂ ಮನೆಯವರು ಯಾವ ಪದ್ಧತಿ ಎಂದು ಮೊದಲೇ ಮಾತಾಡಿಕೊಂಡರೆ ಈ ಗೊಂದಲ ಬಹುಪಾಲು ತಪ್ಪುತ್ತದೆ. ಅದಕ್ಕೊಂದು ಕ್ರಮ ಇಲ್ಲಿದೆ.

1. ಮೊದಲು ಮಕ್ಕಳ ಒಪ್ಪಿಗೆ, ಆಮೇಲೆ ಕುಲ

ಮದುವೆಗೆ ಮನಸ್ಸಿದೆಯೇ ಎಂದು ಹುಡುಗ ಹುಡುಗಿಯನ್ನು ಕೇಳದೆ ಜಾತಕ ಹೊರಗೆ ತೆಗೆಯಬೇಡಿ. ನಂತರ ಕುಲ ವಿಚಾರಿಸಿ. ಒಂದೇ ಕುಲ, ಬೆಡಗು ಅಥವಾ ಗೋತ್ರದವರು ವರಸೆಯಲ್ಲಿ ಅಣ್ಣ ತಂಗಿಯರಾಗುತ್ತಾರೆ. ಅಲ್ಲಿ ಜಾತಕದ ಮಾತೇ ಬರುವುದಿಲ್ಲ. ಕಣಿವೆಯಲ್ಲಿ ಕುಲವನ್ನು ಕರೆಯುವ ಹೆಸರು ಕರ್ನಾಟಕದಲ್ಲಿ ಬೇರೆಯಾಗಿರಬಹುದು. ಆದ್ದರಿಂದ ಮನೆದೇವರು ಯಾರು, ತಾಯಿಯ ತವರು ಯಾವುದು ಎಂಬುದನ್ನೂ ಹಿರಿಯರಿಂದ ಕೇಳಿ ತಿಳಿಯಿರಿ.

2. ಹುಟ್ಟಿದ ವಿವರ ಖಚಿತಪಡಿಸಿಕೊಳ್ಳಿ

ತಾರೀಖು, ಗಂಟೆ ನಿಮಿಷ, ಊರು ಈ ಮೂರೂ ಬೇಕು. ಹಳೆಯ ಪುಸ್ತಕದಲ್ಲಿ ಬರೆದಿಟ್ಟ ಸಮಯವನ್ನು ಆಸ್ಪತ್ರೆಯ ಕಾಗದದೊಂದಿಗೆ ತಾಳೆ ನೋಡಿ. ಪಂಚಾಂಗದ ದಿನ ಸೂರ್ಯೋದಯಕ್ಕೆ ಶುರುವಾಗುತ್ತದೆ, ಕ್ಯಾಲೆಂಡರಿನ ದಿನ ಮಧ್ಯರಾತ್ರಿಗೆ. ಮಂಗಳವಾರ ನಸುಕಿನ ಎರಡು ಗಂಟೆಗೆ ಹುಟ್ಟಿದ ಮಗುವಿಗೆ ಮನೆಯವರು ಸೋಮವಾರ ಎಂದು ಬರೆದಿರುವುದುಂಟು. ಇದೊಂದು ತಪ್ಪಿನಿಂದ ನಕ್ಷತ್ರವೇ ಬದಲಾಗಬಹುದು.

3. ನಕ್ಷತ್ರದ ಹೆಸರು ಹೊಂದಿಸಿ ಬರೆಯಿರಿ

ತಮಿಳು ಜಾತಕದ ಸದಯಂ ನಮ್ಮ ಶತಭಿಷ, ಅವಿಟ್ಟಂ ಧನಿಷ್ಠ, ಕೇಟ್ಟೈ ಜ್ಯೇಷ್ಠ, ತಿರುವಾದಿರೈ ಆರಿದ್ರ, ತಿರುವೋಣಂ ಶ್ರವಣ, ಆಯಿಲ್ಯಂ ಆಶ್ಲೇಷ. ಹೆಚ್ಚು ಎಚ್ಚರ ಬೇಕಾದದ್ದು ಉತ್ತಿರಂ (ಉತ್ತರಾ), ಉತ್ತಿರಾಡಂ (ಉತ್ತರಾಷಾಢ), ಉತ್ತಿರಟ್ಟಾದಿ (ಉತ್ತರಾಭಾದ್ರ) ಎಂಬ ಮೂರರಲ್ಲಿ. ಫೋನಿನಲ್ಲಿ ಹೇಳಿದ್ದನ್ನು ನಂಬದೆ ಜಾತಕದ ಪ್ರತಿಯನ್ನೇ ತರಿಸಿಕೊಳ್ಳಿ.

4. ಇಬ್ಬರಿಗೂ ಒಂದೇ ಪಂಚಾಂಗ

ತಮಿಳುನಾಡಿನಲ್ಲಿ ವಾಕ್ಯ ಪಂಚಾಂಗ ಮತ್ತು ತಿರುಕ್ಕಣಿತ ಪಂಚಾಂಗ ಎರಡೂ ಬಳಕೆಯಲ್ಲಿವೆ. ಎರಡರ ಗಣಿತ ಬೇರೆ. ಒಂದು ನಕ್ಷತ್ರ ಮುಗಿದು ಇನ್ನೊಂದು ಹಿಡಿಯುವ ಸಂಧಿಯಲ್ಲಿ ಹುಟ್ಟಿದವರಿಗೆ ಒಂದರಲ್ಲಿ ಒಂದು ನಕ್ಷತ್ರ, ಇನ್ನೊಂದರಲ್ಲಿ ಮತ್ತೊಂದು ಬರಬಹುದು. ಇಬ್ಬರ ಜಾತಕವನ್ನೂ ಒಂದೇ ಗಣಿತದಲ್ಲಿ ಹೊಸದಾಗಿ ಬರೆಸಿ.

5. ಪದ್ಧತಿಯನ್ನು ಮೊದಲೇ ಒಪ್ಪಿಕೊಳ್ಳಿ

ಅಷ್ಟಕೂಟದಲ್ಲಿ ವರ್ಣಕ್ಕೆ 1, ವಶ್ಯಕ್ಕೆ 2, ತಾರೆಗೆ 3, ಯೋನಿಗೆ 4, ಗ್ರಹಮೈತ್ರಿಗೆ 5, ಗಣಕ್ಕೆ 6, ರಾಶಿಕೂಟಕ್ಕೆ 7, ನಾಡಿಗೆ 8, ಒಟ್ಟು 36 ಗುಣ. 18 ಬಂದರೆ ಮದುವೆ ಮಾಡಬಹುದು ಎಂಬುದು ವಾಡಿಕೆ.

ಹತ್ತು ಪೊರುತ್ತಗಳೆಂದರೆ ದಿನ, ಗಣ, ಮಾಹೇಂದ್ರ, ಸ್ತ್ರೀದೀರ್ಘ, ಯೋನಿ, ರಾಶಿ, ರಾಶ್ಯಾಧಿಪತಿ, ವಶ್ಯ, ರಜ್ಜು ಮತ್ತು ವೇಧೆ. ದಿನಕೂಟವನ್ನು ಮನೆಯಲ್ಲೇ ನೋಡಬಹುದು: ಹುಡುಗಿಯ ನಕ್ಷತ್ರದಿಂದ ಹುಡುಗನ ನಕ್ಷತ್ರದವರೆಗೆ ಎಣಿಸಿ 9ರಿಂದ ಭಾಗಿಸಿ, ಶೇಷ 2, 4, 6, 8 ಅಥವಾ 0 ಬಂದರೆ ಕೂಡಿತು. ಈ ಹತ್ತರಲ್ಲಿ ರಜ್ಜುವಿನ ತೂಕ ದೊಡ್ಡದು. ಇಬ್ಬರ ನಕ್ಷತ್ರವೂ ಒಂದೇ ರಜ್ಜುವಿಗೆ, ಅಂದರೆ ನಕ್ಷತ್ರಗಳ ಒಂದೇ ಗುಂಪಿಗೆ, ಸೇರಿದರೆ ಉಳಿದವು ಕೂಡಿದರೂ ಬಹಳ ಜೋಯಿಸರು ಬೇಡ ಎನ್ನುತ್ತಾರೆ.

ಒಂದು ಉದಾಹರಣೆ ನೋಡಿ. ಹುಡುಗಿಯದು ರೋಹಿಣಿ, ವೃಷಭ ರಾಶಿ. ಹುಡುಗನದು ಶತಭಿಷ, ಕುಂಭ ರಾಶಿ. ಅಷ್ಟಕೂಟದಲ್ಲಿ ಇವರ ನಾಡಿ ಬೇರೆ ಬೇರೆ, ಅದಕ್ಕೆ 8. ರಾಶಿಗಳು ಒಂದಕ್ಕೊಂದು ನಾಲ್ಕು ಮತ್ತು ಹತ್ತನೆಯವು, ಅದಕ್ಕೆ 7. ರಾಶ್ಯಾಧಿಪತಿಗಳಾದ ಶುಕ್ರ, ಶನಿ ಮಿತ್ರರು, ಅದಕ್ಕೆ 5. ಈ ಮೂರರಿಂದಲೇ 20 ಗುಣ ಬಂತು. ಆದರೆ ರೋಹಿಣಿ, ಶತಭಿಷ ಎರಡೂ ಕಂಠರಜ್ಜು. ಕರ್ನಾಟಕದ ಬೀಗರು ತಾಂಬೂಲಕ್ಕೆ ಸಿದ್ಧರಾಗುವಷ್ಟರಲ್ಲಿ ಕೊಂಬೈ ಮನೆಯಲ್ಲಿ ಬೇಡ ಎಂಬ ಮಾತು ಬಂದಿರುತ್ತದೆ. ಇಬ್ಬರು ಜೋಯಿಸರೂ ತಮ್ಮ ತಮ್ಮ ಶಾಸ್ತ್ರದಂತೆ ಸರಿಯಾಗಿಯೇ ನೋಡಿದ್ದಾರೆ. ಆದ್ದರಿಂದ ಜಾತಕ ಕೈ ಬದಲಾಗುವ ಮೊದಲೇ ಯಾವ ಪದ್ಧತಿ, ಯಾವುದು ಬಂದರೆ ಬೇಡ ಎಂದು ಎರಡೂ ಕಡೆಯವರು ಮಾತಾಡಿಕೊಳ್ಳಿ. ಬೇಕಾದ ಉತ್ತರ ಸಿಗುವವರೆಗೆ ಜೋಯಿಸರನ್ನು ಬದಲಿಸುತ್ತ ಹೋಗಬೇಡಿ.

6. ಕುಜದೋಷಕ್ಕೆ ಹೆದರಬೇಡಿ

ತಮಿಳಿನಲ್ಲಿ ಸೆವ್ವಾಯ್ ದೋಷ ಎನ್ನುವುದು ಇದನ್ನೇ. ಲಗ್ನದಿಂದ 2, 4, 7, 8, 12ನೇ ಮನೆಯಲ್ಲಿ ಕುಜನಿದ್ದರೆ ದೋಷ ಎಂಬುದು ರೂಢಿ. 12 ಮನೆಗಳಲ್ಲಿ 5 ದೋಷದ ಮನೆಗಳಾದರೆ ಇದು ಅಪರೂಪದ ಸಂಗತಿಯಾಗಲು ಸಾಧ್ಯವಿಲ್ಲ. ಕುಜ ಸ್ವಕ್ಷೇತ್ರವಾದ ಮೇಷ, ವೃಶ್ಚಿಕದಲ್ಲಿ ಅಥವಾ ಉಚ್ಚಸ್ಥಾನವಾದ ಮಕರದಲ್ಲಿದ್ದರೆ ದೋಷವಿಲ್ಲ ಎಂದು ಅನೇಕರು ಒಪ್ಪುತ್ತಾರೆ. ಇಬ್ಬರಿಗೂ ಇದ್ದರೆ ಪರಿಹಾರವಾಯಿತು ಎನ್ನುತ್ತಾರೆ. ಇಷ್ಟನ್ನೂ ಕೇಳಿಸಿಕೊಳ್ಳದೆ ಸಾವಿರಾರು ರೂಪಾಯಿಯ ಶಾಂತಿಗೆ ಒಪ್ಪಿಕೊಳ್ಳಬೇಡಿ.

7. ನಕ್ಷತ್ರದ ಹೆಸರಿನಲ್ಲಿ ಹೆಣ್ಣನ್ನು ದೂರಬೇಡಿ

ಮೂಲಾ ನಕ್ಷತ್ರದ ಸೊಸೆ ಮಾವನಿಗೆ ಆಗದು, ಆಶ್ಲೇಷದವಳು ಅತ್ತೆಗೆ ಆಗದು ಎಂಬ ಮಾತು ಎರಡೂ ರಾಜ್ಯಗಳಲ್ಲಿದೆ. ಮೇಲೆ ಹೇಳಿದ ಎಂಟು ಕೂಟಗಳಲ್ಲಾಗಲಿ ಹತ್ತು ಪೊರುತ್ತಗಳಲ್ಲಾಗಲಿ ಇಂಥ ನಿಯಮವಿಲ್ಲ. ಹುಟ್ಟಿದ ಗಳಿಗೆಗೆ ಹೆಣ್ಣುಮಗಳನ್ನು ಹೊಣೆ ಮಾಡುವುದು ಅನ್ಯಾಯ. ಈ ಕಾರಣಕ್ಕೆ ಯಾವ ಸಂಬಂಧವನ್ನೂ ಬಿಡಬೇಡಿ.

8. ಜಾತಕದಲ್ಲಿ ಕಾಣದ್ದನ್ನು ವಿಚಾರಿಸಿ

ಅಕ್ಕನ ಮಗಳು, ಸೋದರತ್ತೆಯ ಮಗಳನ್ನು ತರುವ ರೂಢಿ ನಮ್ಮಲ್ಲಿದೆ. ಹತ್ತಿರದ ರಕ್ತಸಂಬಂಧದಲ್ಲಿ ಒಂದೇ ಕಾಯಿಲೆಯ ವಂಶವಾಹಿ ಇಬ್ಬರಲ್ಲೂ ಇರುವ ಸಾಧ್ಯತೆ ಹೆಚ್ಚು. ನಾಡಿಕೂಟ ಕೂಡಿದರೆ ಈ ಚಿಂತೆ ಇಲ್ಲ ಎಂದು ತಿಳಿಯಬೇಡಿ. ಅದು ನಕ್ಷತ್ರದ ಲೆಕ್ಕ, ರಕ್ತದ ಪರೀಕ್ಷೆಯಲ್ಲ. ಮದುವೆಗೆ ಮೊದಲೇ ವಂಶವಾಹಿ ತಜ್ಞರ ಸಲಹೆ ಪಡೆಯಿರಿ. ವಧುವಿಗೆ 18, ವರನಿಗೆ 21 ತುಂಬಿರಬೇಕೆಂಬುದು ಕಾನೂನು. ದುಡಿಮೆ, ಸಾಲ, ಕುಡಿತ, ಮದುವೆಯ ನಂತರ ಹುಡುಗಿಯ ಓದು ಮತ್ತು ಕೆಲಸ, ಇವನ್ನೆಲ್ಲ ಬಾಯಿಬಿಟ್ಟು ಕೇಳಿ.

9. ಉತ್ತರವನ್ನು ಬೇಗ ತಿಳಿಸಿ

ಕೂಡಿದರೆ ಹುಡುಗ ಹುಡುಗಿ ಮಾತಾಡಲು ಬಿಡಿ. ಕೂಡದಿದ್ದರೆ ತಿಂಗಳುಗಟ್ಟಲೆ ಕಾಯಿಸದೆ ಜಾತಕ ಹಿಂದಿರುಗಿಸಿ, ‘ಸಾಲಾವಳಿ ಬರಲಿಲ್ಲ’ ಎಂದಷ್ಟೇ ಹೇಳಿ. ದೋಷದ ಮಾತು ಎತ್ತಿದರೆ ಅದು ಊರಿಂದೂರಿಗೆ ಹಬ್ಬಿ ಮುಂದಿನ ಸಂಬಂಧಕ್ಕೂ ಅಡ್ಡ ಬರುತ್ತದೆ. ಎದುರು ಮನೆಯ ಮಗುವಿನ ಬಾಳು ಈ ಒಂದು ಮಾತಿನ ಮೇಲೂ ನಿಂತಿದೆ ಎಂಬುದನ್ನು ಹಿರಿಯರು ನೆನಪಿಡಬೇಕು.